ರನ್‌ವೇ ಮೊಟಕು ಮಾಡಿದ ಊರು: ಸಾಂತಾ ಮೋನಿಕಾ ವಿಮಾನ ನಿಲ್ದಾಣದ ಜಗಳ

ಅಮೆರಿಕದ ಲಾಸ್ ಏಂಜಲೀಸ್ ಪಕ್ಕದಲ್ಲಿ, ಸಮುದ್ರದ ದಂಡೆಯ ಮೇಲೆ ಸಾಂತಾ ಮೋನಿಕಾ ಅಂತ ಒಂದು ಊರಿದೆ. ಸುಮಾರು 90 ಸಾವಿರ ಜನಸಂಖ್ಯೆ. ಆ ಊರಿಗೆ ಅದರದ್ದೇ ಆದ ಒಂದು ಸಣ್ಣ ವಿಮಾನ ನಿಲ್ದಾಣ ಇದೆ. 2017ರ ಡಿಸೆಂಬರ್‌ನಲ್ಲಿ ಊರಿನವರು ಆ ನಿಲ್ದಾಣದ ಒಂದೇ ಒಂದು ರನ್‌ವೇಯನ್ನು ಎರಡೂ ತುದಿಯಿಂದ ಮೊಟಕು ಮಾಡಿದರು. 4,973 ಅಡಿ ಇದ್ದದ್ದು 3,500 ಅಡಿಗೆ ಇಳಿಯಿತು. ಆ ರನ್‌ವೇ ಹಾಳಾಗಿರಲಿಲ್ಲ, ವಿಮಾನಗಳು ಕಡಿಮೆಯಾಗಿರಲಿಲ್ಲ. ದೊಡ್ಡ ಜೆಟ್‌ಗಳು ಅಲ್ಲಿ ಇಳಿಯಬಾರದು, ಅಷ್ಟೇ.

ಆ 1,473 ಅಡಿ ಕಡಿಮೆ ಮಾಡಿಸಲು ಅರ್ಧ ಶತಮಾನ ಹಿಡಿಯಿತು. ಸಣ್ಣ ವಿಮಾನ ನಿಲ್ದಾಣ ಮತ್ತು ಅಕ್ಕಪಕ್ಕದ ಮನೆಯವರ ನಡುವಿನ ಜಗಳಗಳಲ್ಲಿ ಇಷ್ಟು ದೀರ್ಘವಾಗಿ, ಇಷ್ಟು ಕೋರ್ಟುಗಳಲ್ಲಿ ನಡೆದದ್ದು ಬಹಳ ಕಡಿಮೆ. ನಾನು ಇದನ್ನು ಪೂರ್ತಿ ಬರೆಯಬೇಕು ಅಂದುಕೊಂಡದ್ದಕ್ಕೆ ಒಂದು ಕಾರಣ ಇದೆ. ಜೆಟ್ ಬೇಡ ಅಂತ ಊರು ಎರಡು ಸಲ ನೇರವಾಗಿ ಕಾನೂನು ಮಾಡಿತು, ಎರಡು ಸಲವೂ ಕೋರ್ಟಿನಲ್ಲಿ ಸೋತಿತು. ಕೊನೆಗೆ ಗೆಲುವು ಬಂದದ್ದು ನೆಲದ ಹಕ್ಕಿನ ದಾರಿಯಿಂದ. ಸದ್ದಿನ ವಿಷಯದಲ್ಲಿ ಹೋರಾಡುವವರು ಈ ತಿರುವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು ಅನ್ನೋದು ನನ್ನ ಆಸೆ.

ಯಾರು ಮೊದಲು ಬಂದರು?

ಇಂಥ ಜಗಳಗಳಲ್ಲಿ ಮೊದಲು ಕೇಳಿಬರುವ ಮಾತು ಒಂದೇ. ನಿಲ್ದಾಣ ಮೊದಲಿಂದ ಇತ್ತು, ನೀವು ಗೊತ್ತಿದ್ದೂ ಮನೆ ತಗೊಂಡಿರಿ, ಈಗ ಯಾಕೆ ಗೋಳು? ಸಾಂತಾ ಮೋನಿಕಾದಲ್ಲೂ ಪೈಲಟ್‌ಗಳು ಇದನ್ನೇ ಹೇಳುತ್ತಾ ಬಂದರು. ಇತಿಹಾಸ ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ.

ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿ ಬಯಲಿನಲ್ಲಿ ವಿಮಾನ ಇಳಿಸುತ್ತಿದ್ದರು. ಯುದ್ಧದಲ್ಲಿ ಸತ್ತ ಗ್ರೇಯರ್ ಕ್ಲೋವರ್ ಎಂಬ ಯುವ ಪೈಲಟ್ ನೆನಪಿಗೆ ಅದನ್ನು ಕ್ಲೋವರ್ ಫೀಲ್ಡ್ ಅಂತ ಕರೆದರು. 1924ರ ಮಾರ್ಚ್ 17ರಂದು ಡಗ್ಲಸ್ ಕಂಪನಿಯ ವಿಮಾನಗಳು ಇಲ್ಲಿಂದ ಹೊರಟು, ಸಿಯಾಟಲ್‌ಗೆ ಹೋಗಿ, ಅಲ್ಲಿಂದ ಇಡೀ ಭೂಮಿಯನ್ನು ಸುತ್ತಿ ಬಂದವು. ವಿಮಾನದಲ್ಲಿ ಭೂಮಿ ಸುತ್ತಿದ ಮೊದಲ ಯಾನ ಅದು. 1926ರಲ್ಲಿ ಊರಿನ ಜನ ಪಾರ್ಕಿಗೆಂದು ಒಪ್ಪಿದ ಸಾಲಪತ್ರದ ಹಣದಿಂದ ನಗರಸಭೆ ಆ ಜಾಗ ಕೊಂಡಿತು. ಪಾರ್ಕಿನ ಹಣ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಸುಮಾರು 90 ವರ್ಷ ಆದ ಮೇಲೆ ಜನ ಮತ ಹಾಕುವಾಗ ಪಾರ್ಕಿನ ಮಾತು ಮತ್ತೆ ಬರುತ್ತದೆ.

ಆಮೇಲೆ ಡಗ್ಲಸ್ ಕಂಪನಿ ನಿಲ್ದಾಣದ ಪಕ್ಕದಲ್ಲೇ ಕಾರ್ಖಾನೆ ಕಟ್ಟಿತು. ವಿಮಾನಯಾನದ ಚರಿತ್ರೆಯನ್ನೇ ಬದಲಿಸಿದ ಡಿಸಿ-3 ವಿಮಾನ 1935ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದ್ದು ಇದೇ ನೆಲದಿಂದ. ಎರಡನೇ ಮಹಾಯುದ್ಧ ಜೋರಾಗಿದ್ದಾಗ ಇಲ್ಲಿ 44 ಸಾವಿರದವರೆಗೆ ಜನ ಕೆಲಸ ಮಾಡುತ್ತಿದ್ದರು. ಜಪಾನಿನ ವಿಮಾನಗಳು ಬಾಂಬ್ ಹಾಕಬಾರದು ಅಂತ ಇಡೀ ಕಾರ್ಖಾನೆಯ ಮೇಲೆ ತಂತಿಬಲೆ ಹರಡಿ, ಅದರ ಮೇಲೆ ಸುಳ್ಳು ಮನೆ, ಸುಳ್ಳು ಮರ ನಿಲ್ಲಿಸಿ, ಮೇಲಿಂದ ನೋಡಿದರೆ ಒಂದು ವಸತಿ ಬಡಾವಣೆ ಕಾಣುವ ಹಾಗೆ ಮಾಡಿದ್ದರು. ನಿಜವಾದ ಬಡಾವಣೆಯೂ ಪಕ್ಕದಲ್ಲೇ ಬೆಳೆಯಿತು. ಸನ್‌ಸೆಟ್ ಪಾರ್ಕ್ ಎಂಬ ಆ ಬಡಾವಣೆಯಲ್ಲಿ ಮನೆ ಮಾಡಿದವರಲ್ಲಿ ಬಹಳ ಜನ ಡಗ್ಲಸ್ ಕಾರ್ಖಾನೆಯ ಕೆಲಸಗಾರರೇ.

ಅಂದರೆ ಮನೆಯೂ ನಿಲ್ದಾಣವೂ ಜೊತೆಜೊತೆಗೆ ಬೆಳೆದವು. ಆ ಮನೆಗಳಿಗೆ ಬಂದವರು ಪ್ರೊಪೆಲರ್ ವಿಮಾನದ ಸದ್ದಿಗೆ ಒಪ್ಪಿಕೊಂಡು ಬಂದವರು. ಜೆಟ್ ಬಂದದ್ದು ಆಮೇಲೆ, 1960ರ ದಶಕದಲ್ಲಿ. ಅದಕ್ಕೂ ಸ್ವಲ್ಪ ಮುಂಚೆ ಡಗ್ಲಸ್ ತನ್ನ ಹೊಸ ಜೆಟ್ ಡಿಸಿ-8 ತಯಾರಿಸಲು ರನ್‌ವೇ ಉದ್ದ ಮಾಡಿಕೊಡಿ ಅಂತ ಊರನ್ನು ಕೇಳಿತ್ತು. ಅದಕ್ಕೆ ಮನೆಗಳನ್ನು ಕೆಡವಬೇಕಿತ್ತು. ಊರು ಒಪ್ಪಲಿಲ್ಲ. ಡಿಸಿ-8 ಕೆಲಸ ಲಾಂಗ್ ಬೀಚ್‌ಗೆ ಹೋಯಿತು, 1970ರ ದಶಕದಲ್ಲಿ ಇಲ್ಲಿಯ ಕಾರ್ಖಾನೆಯೇ ಮುಚ್ಚಿತು. ಊರಿಗೆ ಅನ್ನ ಕೊಡುತ್ತಿದ್ದ ಕಾರ್ಖಾನೆ ಹೋಯಿತು, ಸದ್ದು ಉಳಿಯಿತು. ಈಗ ಬರುತ್ತಿದ್ದದ್ದು ಕಂಪನಿ ಮಾಲೀಕರ, ಸಿನಿಮಾದವರ ಖಾಸಗಿ ಜೆಟ್‌ಗಳು. ರನ್‌ವೇ ತುದಿಯಿಂದ ಸುಮಾರು 300 ಅಡಿಯಲ್ಲೇ ಮನೆಗಳು. ಆ ಮನೆಗಳಲ್ಲಿ ಇದ್ದವರಿಗೆ, ತಾವು ಒಪ್ಪಿಕೊಂಡದ್ದೇ ಬೇರೆ ಈಗ ಆಗುತ್ತಿರೋದೇ ಬೇರೆ ಅಂತ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ಹೀಗಿಲ್ಲ. ಅಲ್ಲಿ ಏರೋಡ್ರೋಮ್ ಮೊದಲು, ಅಪಾರ್ಟ್‌ಮೆಂಟುಗಳು ಎಷ್ಟೋ ವರ್ಷ ಆದ ಮೇಲೆ. ಹಾಗಾಗಿ ಒಂದು ಊರಿನ ವಾದವನ್ನು ಸುಮ್ನೆ ಇನ್ನೊಂದು ಊರಿಗೆ ತಂದು ಅಂಟಿಸಲು ಬರಲ್ಲ. ಯಾವ ತರಹದ ವಿಮಾನ ಯಾವ ವರ್ಷದಿಂದ ಬರುತ್ತಿದೆ ಅನ್ನೋದನ್ನು ಬಿಡಿಸಿ ನೋಡಲೇಬೇಕು.

ದಂಡ ಕಟ್ಟೋದು ಊರು, ಅಪ್ಪಣೆ ಕೊಡೋದು ಬೇರೆಯವರು

ಅಮೆರಿಕದಲ್ಲಿ ಆಕಾಶ ಕೇಂದ್ರ ಸರ್ಕಾರದ ಕೈಯಲ್ಲಿದೆ. ಯಾವ ವಿಮಾನ ಎಲ್ಲಿ ಹಾರಬೇಕು, ಯಾವ ದಾರಿಯಲ್ಲಿ ತಿರುಗಬೇಕು ಅನ್ನೋದನ್ನು ಎಫ್‌ಎಎ ಎಂಬ ಕೇಂದ್ರ ಸಂಸ್ಥೆ ನಿರ್ಧರಿಸುತ್ತದೆ. ಆದರೆ 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೆನ್ಸಿಲ್ವೇನಿಯಾದ ಒಂದು ಪ್ರಕರಣದಲ್ಲಿ, ತಗ್ಗಿನಲ್ಲಿ ಹಾರುವ ವಿಮಾನದಿಂದ ಮನೆ ವಾಸಕ್ಕೆ ಯೋಗ್ಯವಲ್ಲದಂತೆ ಆದರೆ ಪರಿಹಾರ ಕೊಡಬೇಕಾದವರು ನಿಲ್ದಾಣದ ಮಾಲೀಕರು ಅಂತ ಹೇಳಿಬಿಟ್ಟಿತು. ಹತೋಟಿ ಒಬ್ಬರದು, ಪರಿಹಾರದ ಹೊರೆ ಇನ್ನೊಬ್ಬರದು. ಈ ಪ್ರಕರಣದ ಅರ್ಧ ಗೋಜಲು ಇಲ್ಲಿಂದಲೇ ಶುರು.

ಸಾಂತಾ ಮೋನಿಕಾದ ರನ್‌ವೇ ಹತ್ತಿರದ ಮನೆಯವರು ತಮ್ಮ ನಗರಸಭೆಯ ಮೇಲೆಯೇ ದಾವೆ ಹಾಕಿದರು. 1972ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮನೆಯ ಬೆಲೆ ಇಳಿದಿದೆ ಅನ್ನೋ ವಾದ ನಿಲ್ಲಲಿಲ್ಲ. ಆದರೆ ಸದ್ದಿನಿಂದ ನೆಮ್ಮದಿ ಹಾಳಾಗಿದೆ, ಅದಕ್ಕೆ ಪರಿಹಾರ ಕೊಡಿ ಅಂತ ಕೇಳುವ ದಾರಿಯನ್ನು ಕೋರ್ಟ್ ತೆರೆದಿಟ್ಟಿತು. ಊರಿಗೆ ಇದು ದೊಡ್ಡ ಎಚ್ಚರಿಕೆ. ಸುಮ್ಮನಿದ್ದರೆ ಮನೆಮನೆಗೂ ಹಣ ಕೊಡಬೇಕಾಗಬಹುದು.

ಮರುವರ್ಷ, ಅಂದರೆ 1973ರಲ್ಲಿ, ಪಕ್ಕದ ಬರ್ಬ್ಯಾಂಕ್ ಊರಿನ ಪ್ರಕರಣ ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು. ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಜೆಟ್ ಹಾರಬಾರದು ಅಂತ ಆ ಊರು ನಿಯಮ ಮಾಡಿತ್ತು. ನಿಲ್ದಾಣ ಖಾಸಗಿಯವರದು. ಆಕಾಶ ಕೇಂದ್ರದ್ದು, ಊರಿನ ನಿಯಮ ಮಾಡುವ ಅಧಿಕಾರ ಅಲ್ಲಿಗೆ ಮುಟ್ಟಲ್ಲ ಅಂತ ಕೋರ್ಟ್ ಆ ನಿಯಮ ರದ್ದು ಮಾಡಿತು. ಆದರೆ ಊರೇ ನಿಲ್ದಾಣದ ಮಾಲೀಕನಾಗಿದ್ದರೆ ಏನು ಅನ್ನೋ ಪ್ರಶ್ನೆಯನ್ನು ಹಾಗೇ ಬಿಟ್ಟಿತು. ಸಾಂತಾ ಮೋನಿಕಾ ಈ ಸಂದಿಯನ್ನು ಹಿಡಿದುಕೊಂಡಿತು. ಅದು ಊರೂ ಹೌದು, ಮಾಲೀಕನೂ ಹೌದು.

1975ರ ಹೊತ್ತಿಗೆ ನಗರಸಭೆ ಒಟ್ಟಿಗೆ ಹಲವು ನಿಯಮ ತಂದಿತು. ರಾತ್ರಿ ಹೊರಡುವಂತಿಲ್ಲ. ವಾರದ ಕೊನೆಯಲ್ಲಿ ಟಚ್ ಅಂಡ್ ಗೋ ಬೇಡ, ಅಂದರೆ ಕಲಿಯುವವರು ಇಳಿದಹಾಗೆ ಮಾಡಿ ಮತ್ತೆ ಏರುವ ಅಭ್ಯಾಸ ನಿಲ್ಲಬೇಕು. ಹೆಲಿಕಾಪ್ಟರ್ ತರಬೇತಿ ಬೇಡ. ಒಂದೊಂದು ವಿಮಾನದ ಸದ್ದಿಗೆ 100 ಡೆಸಿಬಲ್ ಮಿತಿ. ಕೊನೆಯದಾಗಿ, ಜೆಟ್ ಅನ್ನೋದೇ ಬೇಡ.

ಪೈಲಟ್‌ಗಳ ಸಂಘ ಕೋರ್ಟಿಗೆ ಹೋಯಿತು. 1979ರಲ್ಲಿ ಕೇಂದ್ರದ ಜಿಲ್ಲಾ ನ್ಯಾಯಾಲಯ ಜೆಟ್ ನಿಷೇಧ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಎತ್ತಿಹಿಡಿಯಿತು, 1981ರಲ್ಲಿ ಮೇಲಿನ ಕೋರ್ಟೂ ಅದನ್ನೇ ಹೇಳಿತು. ಜೆಟ್ ನಿಷೇಧ ಬಿದ್ದದ್ದಕ್ಕೆ ಕೋರ್ಟ್ ಕೊಟ್ಟ ಕಾರಣ ಬಹಳ ಸರಳ. ನೀವು ಒಳಗೆ ಬಿಡುತ್ತಿರುವ ಕೆಲವು ಪ್ರೊಪೆಲರ್ ವಿಮಾನಗಳಿಗಿಂತ ಕೆಲವು ಹೊಸ ಜೆಟ್‌ಗಳ ಸದ್ದು ಕಡಿಮೆ ಇದೆ, ಹಾಗಿದ್ದ ಮೇಲೆ ಎಂಜಿನ್ ಯಾವ ಜಾತಿಯದು ನೋಡಿ ತಡೆಯೋದು ಸರಿಯಲ್ಲ. ನನಗೆ ಈ ತೀರ್ಪು ನ್ಯಾಯವಾಗಿದೆ ಅನ್ನಿಸುತ್ತದೆ. ಸದ್ದು ತೊಂದರೆ ಅಂತಾದರೆ ಸದ್ದನ್ನೇ ಅಳೆಯಬೇಕು.

ಅಳೆಯೋದು ಹೇಗೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು, ಯಾಕೆಂದರೆ ಬಹಳಷ್ಟು ನಿವಾಸಿಗಳ ಗುಂಪುಗಳು ಸೋಲೋದು ಇಲ್ಲೇ.

ಕ್ಯಾಲಿಫೋರ್ನಿಯಾದಲ್ಲಿ ನಿಲ್ದಾಣದ ಸುತ್ತ ಮನೆಗಳಿಗೆ ಸದ್ದು ಎಷ್ಟಿರಬಹುದು ಅನ್ನೋದಕ್ಕೆ ಒಂದು ಮಾಪನ ಇದೆ. ಇಡೀ 24 ಗಂಟೆಯ ಸದ್ದಿನ ಶಕ್ತಿಯನ್ನೆಲ್ಲಾ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಸಂಜೆಯ ಸದ್ದಿಗೆ ಸುಮಾರು 5, ರಾತ್ರಿಯ ಸದ್ದಿಗೆ 10 ಡೆಸಿಬಲ್ ಹೆಚ್ಚು ಸೇರಿಸುತ್ತಾರೆ. ಆ ಸರಾಸರಿ 65 ಡೆಸಿಬಲ್ ದಾಟದಿದ್ದರೆ ವಾಸಕ್ಕೆ ಪರವಾಗಿಲ್ಲ ಅಂತ ಅರ್ಥ. ಇನ್ನೊಂದು ಮಾಪನ ಒಂದೇ ಒಂದು ಹಾರಾಟದ್ದು. ವಿಮಾನ ಬಂದು ಹೋಗುವಷ್ಟು ಹೊತ್ತಿನ ಸದ್ದನ್ನೆಲ್ಲಾ ಒಂದು ಸೆಕೆಂಡಿಗೆ ಒತ್ತಿದರೆ ಎಷ್ಟಾಗುತ್ತೆ ಅನ್ನೋ ಲೆಕ್ಕ ಅದು.

ಈಗ ಎರಡನ್ನೂ ಜೋಡಿಸಿ ನೋಡಿ. ಒಂದು ವಿಮಾನದ ಸದ್ದು ಆ ಎರಡನೇ ಮಾಪನದಲ್ಲಿ 95 ಡೆಸಿಬಲ್ ಅಂತ ಇಟ್ಟುಕೊಳ್ಳೋಣ. ಮನೆಯೊಳಗೆ ಮಾತು ನಿಲ್ಲಿಸಬೇಕಾಗುವಷ್ಟು ಸದ್ದು. ಅದನ್ನು 24 ಗಂಟೆಯ 86,400 ಸೆಕೆಂಡಿಗೆ ಹರಡಿದರೆ ಸರಾಸರಿಯಲ್ಲಿ ಸುಮಾರು 45.6 ಆಗುತ್ತದೆ. 65 ತಲುಪಬೇಕಾದರೆ ಅಂಥ ಸುಮಾರು 86 ವಿಮಾನ ಹಾರಬೇಕು. ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಎಂಟೂವರೆ ನಿಮಿಷಕ್ಕೊಂದರಂತೆ ತಲೆಯ ಮೇಲೆ ಜೆಟ್ ಹೋದರೂ ಕಾಗದದ ಮೇಲೆ ಎಲ್ಲ ಸರಿಯಾಗೇ ಇರುತ್ತದೆ! ದೂರು ಕೊಟ್ಟವರಿಗೆ ಅಧಿಕಾರಿಗಳು ಬಣ್ಣದ ನಕ್ಷೆ ತೋರಿಸಿ, ನಿಮ್ಮ ಮನೆ 65ರ ಗೆರೆಯ ಆಚೆ ಇದೆ ಅಂತ ಹೇಳಿ ಕಳಿಸೋದು ಈ ಲೆಕ್ಕದ ಬಲದಿಂದ. ಯಾರೂ ಸುಳ್ಳು ಹೇಳುತ್ತಿಲ್ಲ, ಆದರೂ ಮನೆಯವರ ಕಿವಿಗೆ ಬೀಳೋದು ಆ ನಕ್ಷೆಯಲ್ಲಿ ಇಲ್ಲ. ಮಗು ಎಚ್ಚರ ಆಗೋದು ಸರಾಸರಿಯಿಂದಲ್ಲ, ಒಂದೇ ಒಂದು ವಿಮಾನದಿಂದ.

ಸಾಂತಾ ಮೋನಿಕಾದವರು ಮಾಡಿದ ಅತಿ ಒಳ್ಳೆ ಕೆಲಸ ಅಂದರೆ ಮೊದಲಿಂದಲೂ ಒಂದೊಂದು ಹಾರಾಟದ ಮಾಪನಕ್ಕೆ ಅಂಟಿಕೊಂಡದ್ದು. 100 ಇದ್ದ ಮಿತಿಯನ್ನು ಆಮೇಲೆ 95ಕ್ಕೆ ಇಳಿಸಿಕೊಂಡರು. ರನ್‌ವೇಯ ಎರಡೂ ತುದಿಯಿಂದ 1,500 ಅಡಿ ದೂರದಲ್ಲಿ ಶಾಶ್ವತವಾಗಿ ಮೈಕ್ರೋಫೋನ್ ನಿಲ್ಲಿಸಿದರು. ಯಾವ ವಿಮಾನ ದಾಟಿತೋ ಅದರ ಮಾಲೀಕರಿಗೆ ನೋಟಿಸು, ಮತ್ತೆ ಮತ್ತೆ ದಾಟಿದರೆ ದಂಡ. ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ, ಶನಿವಾರ ಭಾನುವಾರ 8ರವರೆಗೆ, ಯಾರೂ ಹೊರಡುವಂತಿಲ್ಲ. ಇಳಿಯಲು ಈ ತಡೆ ಇಲ್ಲ, ಅದೊಂದು ತೂತು. 1990ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ತಂದು, ಇನ್ನು ಮುಂದೆ ಯಾವ ನಿಲ್ದಾಣವೂ ತನ್ನಷ್ಟಕ್ಕೆ ಇಂಥ ಹೊಸ ನಿರ್ಬಂಧ ಹೇರೋದನ್ನು ಬಹಳ ಕಷ್ಟ ಮಾಡಿತು. ಸಾಂತಾ ಮೋನಿಕಾದ ನಿಯಮಗಳು ಅದಕ್ಕಿಂತ ಹಳೆಯವು, ಹಾಗಾಗಿ ಉಳಿದುಕೊಂಡವು. ಹದಿನೈದು ವರ್ಷ ತಡ ಮಾಡಿದ್ದರೆ ಏನೂ ಸಿಗುತ್ತಿರಲಿಲ್ಲ.

ಕೈ ಕಟ್ಟಿದ ಸಹಿಗಳು

1981ರಲ್ಲಿ ನಗರಸಭೆ, ಸಾಧ್ಯವಾದಷ್ಟು ಬೇಗ ನಿಲ್ದಾಣ ಮುಚ್ಚಬೇಕು ಅಂತ ನಿರ್ಣಯ ಮಾಡಿತು. ಕೇಂದ್ರ ಸಂಸ್ಥೆ ಒಪ್ಪಲಿಲ್ಲ. ತಿಕ್ಕಾಟದ ನಂತರ 1984ರಲ್ಲಿ ಒಪ್ಪಂದ ಆಯಿತು. ಊರು 2015ರ ಜುಲೈ 1ರವರೆಗೆ ನಿಲ್ದಾಣ ನಡೆಸಬೇಕು. ಬದಲಿಗೆ 95 ಡೆಸಿಬಲ್ ಮಿತಿ, ರಾತ್ರಿ ನಿಯಮ ಎಲ್ಲ ಊರ್ಜಿತ. 31 ವರ್ಷ ಕಾಯೋಣ, ಆಮೇಲೆ ನಮ್ಮ ನೆಲ ನಮಗೆ ಅಂತ ಊರಿನವರು ಅಂದುಕೊಂಡರು.

ಆದರೆ ಇನ್ನೆರಡು ಕಾಗದಗಳಿದ್ದವು.

ಮೊದಲನೆಯದು 1948ರದು. ಯುದ್ಧದ ಕಾಲದಲ್ಲಿ ಊರು ನಿಲ್ದಾಣವನ್ನು ಕೇಂದ್ರ ಸರ್ಕಾರಕ್ಕೆ ಗುತ್ತಿಗೆ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅದನ್ನು ವಾಪಸ್ ಕೊಡುವಾಗ ಬರೆದ ಪತ್ರದಲ್ಲಿ, ಈ ಜಾಗವನ್ನು ವಿಮಾನ ನಿಲ್ದಾಣವಾಗಿಯೇ ಬಳಸಬೇಕು, ಇಲ್ಲದಿದ್ದರೆ ಕೇಂದ್ರಕ್ಕೆ ವಾಪಸ್ ಹೋಗುತ್ತದೆ ಅನ್ನೋ ಅರ್ಥದ ಷರತ್ತು ಇತ್ತು. ಇದು ಎಂದೆಂದಿಗೂ ಅನ್ವಯ ಅಂತ ಎಫ್‌ಎಎ ವಾದ. ನಮ್ಮ ನೆಲವನ್ನು ನಾವೇ ಗುತ್ತಿಗೆಗೆ ಕೊಟ್ಟು ನಾವೇ ವಾಪಸ್ ಪಡೆದರೆ ಅದು ನಿಮ್ಮದು ಹೇಗಾಗುತ್ತೆ ಅಂತ ಊರಿನ ವಾದ.

ಎರಡನೆಯದು ಹಣದ್ದು. ನಿಲ್ದಾಣದ ಕೆಲಸಗಳಿಗೆ ಊರು ಕೇಂದ್ರದಿಂದ ಅನುದಾನ ತೆಗೆದುಕೊಂಡಿತ್ತು. ಅನುದಾನ ತೆಗೆದುಕೊಂಡರೆ 20 ವರ್ಷ ನಿಲ್ದಾಣ ನಡೆಸುತ್ತೇವೆ, ಯಾರಿಗೂ ತಾರತಮ್ಯ ಮಾಡಲ್ಲ ಅಂತ ಬರೆದುಕೊಡಬೇಕು. 1994ರ ಅನುದಾನದ ಪ್ರಕಾರ ಆ ಗಡುವು 2014ಕ್ಕೆ ಮುಗಿಯಬೇಕಿತ್ತು. ಆದರೆ 2003ರಲ್ಲಿ ಅದೇ ಅನುದಾನಕ್ಕೆ ಸುಮಾರು 2 ಲಕ್ಷ 40 ಸಾವಿರ ಡಾಲರ್ ಹೆಚ್ಚುವರಿಯಾಗಿ ಸೇರಿತ್ತು. ಆ ಕಾರಣಕ್ಕೆ ಗಡುವು 2023ಕ್ಕೆ ಹೋಯಿತು ಅಂತ ಎಫ್‌ಎಎ ಪಟ್ಟು ಹಿಡಿಯಿತು, 2016ರಲ್ಲಿ ಹಾಗೇ ತೀರ್ಮಾನವನ್ನೂ ಕೊಟ್ಟಿತು. ಆ ಊರಿನ ಒಂದು ಒಳ್ಳೆ ಮನೆಯ ಬೆಲೆಗಿಂತ ಎಷ್ಟೋ ಕಡಿಮೆ ಹಣಕ್ಕೆ ಒಂಬತ್ತು ವರ್ಷದ ಸ್ವಾತಂತ್ರ್ಯ ಅಡವು. ಇದನ್ನು ಓದುವಾಗ ನನಗೆ ನಿಜಕ್ಕೂ ಸಂಕಟ ಆಯಿತು. ಅನುದಾನದ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಇರೋದು ಹಣ, ಸಣ್ಣ ಅಕ್ಷರದಲ್ಲಿ ಇರೋದು ವರ್ಷ. ಯಾವುದೇ ಊರಿನ ಸಭೆಯಲ್ಲಿ ಇಂಥ ಕಡತ ಬಂದರೆ ಮೊದಲು ವರ್ಷ ಎಷ್ಟು ಅಂತ ಕೇಳಬೇಕು.

ಎರಡನೇ ಸಲ ಸೋತದ್ದು

2000ದ ಹೊತ್ತಿಗೆ ಹೊಸ ಜೆಟ್‌ಗಳ ಸದ್ದು ಮಿತಿಯೊಳಗೆ ಬಂದಿತ್ತು, ಆದರೆ ಸಂಖ್ಯೆ ಏರಿತು, ಗಾತ್ರವೂ ಏರಿತು. ಅಂದರೆ ಸದ್ದಿನ ನಿಯಮದಿಂದ ತಡೆಯಲು ಸಾಧ್ಯವಿಲ್ಲದ ಜೆಟ್‌ಗಳು. ಊರು ಈಗ ಸುರಕ್ಷತೆಯ ವಾದ ಹಿಡಿಯಿತು. ರನ್‌ವೇ ತುದಿಯಲ್ಲಿ ವಿಮಾನ ಜಾರಿದರೆ ನಿಲ್ಲಲು ಖಾಲಿ ಜಾಗವೇ ಇಲ್ಲ, ಇಳಿಜಾರು, ರಸ್ತೆ, ಆಮೇಲೆ ಮನೆ. 121 ನಾಟ್ (ಗಂಟೆಗೆ ಸುಮಾರು 224 ಕಿ.ಮೀ.) ಅಥವಾ ಅದಕ್ಕಿಂತ ಹೆಚ್ಚು ವೇಗದಲ್ಲಿ ಇಳಿಯುವ ವಿಮಾನಗಳು ಬರಬಾರದು ಅಂತ 2008ರಲ್ಲಿ ನಿಯಮ ಮಾಡಿತು. ಎಫ್‌ಎಎ ಅದನ್ನು ತಡೆಯಿತು. ಅನುದಾನ ತೆಗೆದುಕೊಂಡಿದ್ದೀರಿ, ತಾರತಮ್ಯ ಮಾಡುವಂತಿಲ್ಲ ಅಂತ. 2011ರ ಜನವರಿಯಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ ಕೂಡ ಎಫ್‌ಎಎ ಪರವಾಗಿ ನಿಂತಿತು.

ಸುರಕ್ಷತೆಯ ಭಯ ಸುಳ್ಳಾಗಿರಲಿಲ್ಲ. 2013ರ ಸೆಪ್ಟೆಂಬರ್ 29ರಂದು ಒಂದು ಸೆಸ್ನಾ ಸೈಟೇಶನ್ ಜೆಟ್ ಇಳಿದ ಮೇಲೆ ರನ್‌ವೇಯಿಂದ ಪಕ್ಕಕ್ಕೆ ಸರಿದು ಹ್ಯಾಂಗರ್‌ಗೆ, ಅಂದರೆ ವಿಮಾನ ನಿಲ್ಲಿಸುವ ಕಟ್ಟಡಕ್ಕೆ, ಗುದ್ದಿತು, ಹ್ಯಾಂಗರ್ ಕುಸಿದು ಬೆಂಕಿ ಹತ್ತಿ ವಿಮಾನದಲ್ಲಿದ್ದ ನಾಲ್ವರೂ ಸತ್ತರು. 2015ರ ಮಾರ್ಚ್ 5ರಂದು ನಟ ಹ್ಯಾರಿಸನ್ ಫೋರ್ಡ್ ತಮ್ಮ ಹಳೆಯ ತರಬೇತಿ ವಿಮಾನದಲ್ಲಿ ಇಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೇ ಎಂಜಿನ್ ಶಕ್ತಿ ಕಳೆದುಕೊಂಡು ಪಕ್ಕದ ಪೆನ್ಮಾರ್ ಗಾಲ್ಫ್ ಮೈದಾನದಲ್ಲಿ ಬಿದ್ದರು. ಗಾಯವಾಯಿತು, ಬದುಕಿದರು. ಸುತ್ತ ಎಲ್ಲಾ ಕಡೆ ಮನೆ, ಇದ್ದ ಒಂದು ಬಯಲು ಆ ಗಾಲ್ಫ್ ಮೈದಾನ.

ಇದರ ಜೊತೆಗೆ ಹೊಗೆಯ ವಿಷಯ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ನಿಲ್ದಾಣದ ಗಾಳಿ ಬೀಸುವ ಕಡೆ, 100 ಮೀಟರ್ ದೂರದಲ್ಲಿ ಅತಿಸೂಕ್ಷ್ಮ ಕಣಗಳು ಮಾಮೂಲಿಗಿಂತ ಸುಮಾರು 10 ಪಟ್ಟು, 660 ಮೀಟರ್ ದೂರದಲ್ಲಿ ಎರಡೂವರೆ ಪಟ್ಟು ಇದ್ದದ್ದು ಕಂಡುಬಂತು. ಸಣ್ಣ ಪಿಸ್ಟನ್ ವಿಮಾನಗಳ ಪೆಟ್ರೋಲಿನಲ್ಲಿ ಇಂದಿಗೂ ಸೀಸ ಇರುತ್ತದೆ. ಕಾರಿನ ಪೆಟ್ರೋಲಿನಿಂದ ಎಂದೋ ತೆಗೆದ ಸೀಸ ಅದು. ಈ ಹೊಗೆ ಆರೋಗ್ಯಕ್ಕೆ ಅಪಾಯ ಅಂತ ಅಮೆರಿಕದ ಪರಿಸರ ಸಂಸ್ಥೆ ಅಧಿಕೃತವಾಗಿ ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ! ಮನೆಯವರು ಅದಕ್ಕಿಂತ ಬಹಳ ಹಿಂದಿನಿಂದ ಹೇಳುತ್ತಿದ್ದರು.

ನೆಲ ಯಾರದು ಅಂತ ಕೇಳಿದ ಮೇಲೆ

2013ರ ಅಕ್ಟೋಬರ್‌ನಲ್ಲಿ ಊರು ದಾರಿ ಬದಲಿಸಿತು. ಸದ್ದು, ವೇಗ, ಸುರಕ್ಷತೆ ಎಲ್ಲ ಬಿಟ್ಟು, ಈ ನೆಲದ ಒಡೆಯ ಯಾರು ಅಂತ ತೀರ್ಮಾನಿಸಿ ಅಂತ ಕೇಂದ್ರ ಸರ್ಕಾರದ ಮೇಲೆಯೇ ದಾವೆ ಹಾಕಿತು. ಕೆಳಗಿನ ಕೋರ್ಟ್, 12 ವರ್ಷದ ಗಡುವು ಮೀರಿದೆ, 1948ರಲ್ಲೇ ನಿಮಗೆ ಗೊತ್ತಿತ್ತು ಅಂತ 2014ರಲ್ಲಿ ವಜಾ ಮಾಡಿತು. 2016ರಲ್ಲಿ ಮೇಲ್ಮನವಿ ಕೋರ್ಟ್ ಆ ವಜಾ ತಪ್ಪು, ಪೂರ್ತಿ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿತು.

ಈ ನಡುವೆ 2014ರ ನವೆಂಬರ್‌ನಲ್ಲಿ ಜನ ಮತ ಹಾಕಿದರು. ಎರಡು ಪ್ರಸ್ತಾವ. ಒಂದು ವಿಮಾನದವರ ಬೆಂಬಲದ್ದು, ಜನಮತ ಇಲ್ಲದೆ ನಿಲ್ದಾಣ ಮುಚ್ಚುವಂತಿಲ್ಲ ಅನ್ನುವಂಥದ್ದು. ಇನ್ನೊಂದು ನಿವಾಸಿಗಳದ್ದು, ಎಲ್‌ಸಿ ಅಂತ ಹೆಸರು. ನಿಲ್ದಾಣ ನಡೆಸುವ, ಮುಚ್ಚುವ ಅಧಿಕಾರ ನಗರಸಭೆಯ ಕೈಯಲ್ಲೇ ಇರಲಿ, ಮುಚ್ಚಿದರೆ ಆ ಜಾಗ ಪಾರ್ಕು, ಬಯಲು, ಆಟದ ಜಾಗಕ್ಕೆ ಮಾತ್ರ, ಬೇರೆ ಕಟ್ಟಡ ಬೇಕಾದರೆ ಮತ್ತೆ ಜನರನ್ನು ಕೇಳಬೇಕು ಅಂತ. ಎಲ್‌ಸಿ ಸುಮಾರು ಶೇಕಡಾ 60 ಮತದಿಂದ ಗೆದ್ದಿತು, ಮೊದಲನೆಯದು ಸೋತಿತು. ನಿವಾಸಿಗಳು ಜಾಣತನದಿಂದ ಮಾಡಿದ ಕೆಲಸ ಇದು. ನಿಲ್ದಾಣ ಹೋದರೆ ಬಿಲ್ಡರ್‌ಗಳು ಬಹುಮಹಡಿ ಕಟ್ಟುತ್ತಾರೆ ಅನ್ನೋ ಹೆದರಿಕೆಯೇ ಅಷ್ಟು ವರ್ಷ ನಿಲ್ದಾಣವನ್ನು ಕಾಪಾಡುತ್ತಿತ್ತು. ಆ ಹೆದರಿಕೆಯನ್ನೇ ಮೊದಲು ತೆಗೆದುಹಾಕಿದರು.

ನೆಲದ ಒಡೆತನದ ವಿಚಾರಣೆ 2017ರಲ್ಲಿ ನಡೆಯಬೇಕಿತ್ತು. ಈಗ ಎರಡೂ ಕಡೆಗೆ ಅಳುಕು. ಊರು ಸೋತರೆ ನಿಲ್ದಾಣ ಎಂದೆಂದಿಗೂ ಉಳಿಯುತ್ತದೆ. ಕೇಂದ್ರ ಸೋತರೆ, 1948ರ ಸುಮಾರಿಗೆ ಇದೇ ತರಹ ವಾಪಸ್ ಕೊಟ್ಟ ಬೇರೆ ಊರುಗಳೂ ಎದ್ದು ನಿಲ್ಲಬಹುದು. 2017ರ ಜನವರಿ 28ರಂದು ರಾಜಿ ಪ್ರಕಟವಾಯಿತು. 2028ರ ಡಿಸೆಂಬರ್ 31ರವರೆಗೆ ನಿಲ್ದಾಣ ನಡೆಯಬೇಕು, ಆಮೇಲೆ ಊರು ಬೇಕಾದರೆ ಮುಚ್ಚಬಹುದು. ರನ್‌ವೇಯನ್ನು ಮಾತ್ರ ಈಗಲೇ 3,500 ಅಡಿಗೆ ಇಳಿಸಬಹುದು. ನಗರಸಭೆಯಲ್ಲಿ 4–3ರಲ್ಲಿ ಪಾಸಾಯಿತು. ಇಷ್ಟು ವರ್ಷ ಹೋರಾಡಿದ ಎಷ್ಟೋ ನಿವಾಸಿಗಳಿಗೆ ಸಿಟ್ಟು ಬಂತು. ಹಿಂದಿನ ವರ್ಷವಷ್ಟೇ ನಗರಸಭೆ 2018ರಲ್ಲಿ ಮುಚ್ಚುತ್ತೇವೆ ಅಂತ ಮತ ಹಾಕಿತ್ತು, ಈಗ ಇನ್ನೂ ಹತ್ತು ವರ್ಷ ಮುಂದೆ ಹೋಯಿತು.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ರಾಜಿ ಒಳ್ಳೆಯದೇ ಆಯಿತು ಅಂತ ಹೇಳುತ್ತೇನೆ. ಯಾಕೆಂದರೆ ರನ್‌ವೇಯ ಉದ್ದ ಯಾವ ಕೋರ್ಟಿನಲ್ಲೂ ವಾದ ಮಾಡಲ್ಲ. ಜೆಟ್ ಬೇಡ ಅಂತ ಊರು ಹೇಳುವಂತಿಲ್ಲ, ಆದರೆ 3,500 ಅಡಿಯಲ್ಲಿ ಇಳಿಯಲು ಆಗದ ಜೆಟ್ ತಾನಾಗೇ ಬರಲ್ಲ. ಪೈಲಟ್, ವಿಮಾ ಕಂಪನಿ, ವಿಮಾನದ ಕೈಪಿಡಿ ಇವೇ ಬೇಡ ಅನ್ನುತ್ತವೆ. ಬಿಸಿನೆಸ್ ಜೆಟ್‌ಗಳ ಸಂಘ ಈ ರಾಜಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಿತು, ಉಪಯೋಗ ಆಗಲಿಲ್ಲ. 2017ರ ಡಿಸೆಂಬರ್ ನಂತರ ದೊಡ್ಡ ಜೆಟ್‌ಗಳ ಓಡಾಟ ಬಹುಮಟ್ಟಿಗೆ ನಿಂತೇ ಹೋಯಿತು.

ಗೆಲುವಿನ ಲೆಕ್ಕಕ್ಕೆ ಸೇರದವರು

ಇಲ್ಲಿಗೆ ನಿಲ್ಲಿಸಿದರೆ ಪ್ರಕರಣ ಅರ್ಧ ಹೇಳಿದಂತೆ.

ನಿಲ್ದಾಣ ಇರೋದು ಊರಿನ ಗಡಿಯ ಮೇಲೆ. ಆಚೆ ಕಡೆಯ ವೆನಿಸ್, ಮಾರ್ ವಿಸ್ಟಾ, ವೆಸ್ಟ್ ಎಲ್ಎ ಪ್ರದೇಶಗಳು ಲಾಸ್ ಏಂಜಲೀಸ್ ನಗರಕ್ಕೆ ಸೇರಿದವು. ಸಮುದ್ರದ ಕಡೆ ಹೊರಡುವ ವಿಮಾನಗಳು ಸಾಂತಾ ಮೋನಿಕಾದ ಮನೆಗಳನ್ನು ತಪ್ಪಿಸಲು ಪೆನ್ಮಾರ್ ಗಾಲ್ಫ್ ಮೈದಾನದ ಮೇಲೆ ಸ್ವಲ್ಪ ಎಡಕ್ಕೆ ತಿರುಗಬೇಕು ಅನ್ನೋದು ವಾಡಿಕೆ. ಆ ಮೈದಾನ ಇರೋದು ವೆನಿಸ್‌ನಲ್ಲಿ. ಅಂದರೆ ಒಂದು ಊರಿನ ನೆಮ್ಮದಿಗೆ ಪಕ್ಕದ ಊರಿನವರ ತಲೆಯ ಮೇಲೆ ದಾರಿ. ಅವರಿಗೆ 2014ರಲ್ಲಿ ಮತ ಇರಲಿಲ್ಲ, ನಗರಸಭೆಯಲ್ಲಿ ಪ್ರತಿನಿಧಿ ಇರಲಿಲ್ಲ. ಈ ಅನ್ಯಾಯಕ್ಕೆ ಯಾವ ಒಪ್ಪಂದದಲ್ಲೂ ಒಂದು ಸಾಲು ಇಲ್ಲ.

2009–10ರಲ್ಲಿ ಇದರ ಇನ್ನೊಂದು ಮುಖ ಕಂಡಿತು. ಲಾಸ್ ಏಂಜಲೀಸ್‌ನ ದೊಡ್ಡ ನಿಲ್ದಾಣದ ವಿಮಾನಗಳಿಗೆ ಅಡ್ಡ ಬರಬಾರದು ಅಂತ, ಕೆಲವು ಪ್ರೊಪೆಲರ್ ವಿಮಾನಗಳನ್ನು ಬೇಗ ಬಲಕ್ಕೆ ತಿರುಗಿಸುವ ಪ್ರಯೋಗವನ್ನು ಎಫ್‌ಎಎ ಆರು ತಿಂಗಳು ಮಾಡಿತು. ಆ ದಾರಿ ಸಾಂತಾ ಮೋನಿಕಾದ ಓಶನ್ ಪಾರ್ಕ್ ಬಡಾವಣೆಯ ಮೇಲೆ ಹೋಯಿತು. ದೂರುಗಳ ರಾಶಿ ಬಿತ್ತು. ವಿಮಾನ ಅದೇ, ಸದ್ದು ಅಷ್ಟೇ, ತಿರುವು ಬದಲಾದರೆ ಜಗಳ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುತ್ತದೆ.

ಜೆಟ್‌ಗಳೂ ಮಾಯವಾಗಲಿಲ್ಲ. ಬೆಟ್ಟದ ಆಚೆ ವ್ಯಾನ್ ನೈಸ್ ಎಂಬಲ್ಲಿ 8,001 ಅಡಿ ರನ್‌ವೇ ಇರುವ ನಿಲ್ದಾಣ ಇದೆ, ಸುತ್ತ ಮಧ್ಯಮ ವರ್ಗದವರ, ದುಡಿಯುವವರ ಮನೆಗಳು. ಸಾಂತಾ ಮೋನಿಕಾದಲ್ಲಿ ಇಳಿಯಲಾಗದ ಜೆಟ್‌ಗಳಿಗೆ ಅಲ್ಲಿ ಧಾರಾಳ ಜಾಗ. ಅಲ್ಲಿಯ ನಿವಾಸಿಗಳ ಕೈಯಲ್ಲಿ 1975ರ ನಿಯಮಗಳಿಲ್ಲ, 1948ರ ಪತ್ರದ ದಾವೆ ಇಲ್ಲ. ಸಾಂತಾ ಮೋನಿಕಾದವರನ್ನು ನಾನು ಇದಕ್ಕೆ ದೂರಲ್ಲ, ತಮ್ಮ ಮನೆ ಕಾಪಾಡಿಕೊಳ್ಳುವ ಹಕ್ಕು ಅವರಿಗಿತ್ತು. ಆದರೆ ಇಡೀ ಪ್ರದೇಶಕ್ಕೆ ಒಟ್ಟಾಗಿ ಯಾರೂ ಯೋಚನೆ ಮಾಡದೇ ಹೋದರೆ ಸದ್ದು ದುರ್ಬಲರ ಕಡೆಗೆ ಹರಿಯುತ್ತದೆ, ಅದನ್ನು ಹೇಳದೇ ಬಿಡಲು ಆಗಲ್ಲ.

ಸಣ್ಣ ವಿಮಾನದವರ ನೋವೂ ಇದೆ. ನಾಲ್ಕು ಸೀಟಿನ ಸೆಸ್ನಾದಲ್ಲಿ ಹಾರಾಟ ಕಲಿಯುವ ಹುಡುಗ ಹುಡುಗಿಯರು, ಕಲಿಸಿ ಜೀವನ ನಡೆಸುವ ಶಿಕ್ಷಕರು, ಹ್ಯಾಂಗರ್‌ನಲ್ಲಿ ಎಂಜಿನ್ ಬಿಚ್ಚಿ ಕೂರುವ ಮೆಕ್ಯಾನಿಕ್‌ಗಳು ಜೆಟ್ ತಂದವರಲ್ಲ. ರನ್‌ವೇ ಮೊಟಕಾದರೂ ಅವರಿಗೆ ಸಾಕಾಗುವಷ್ಟು ಉದ್ದ ಇತ್ತು. ಜೆಟ್ ಹೋದ ಮೇಲೆ ಉಳಿದ ದೂರುಗಳೆಲ್ಲ ಅವರ ಸುತ್ತುಗಳ ಬಗ್ಗೆ, ಸೀಸದ ಬಗ್ಗೆ. ಒಂದೇ ಮನೆಯ ಮೇಲೆ ಮಧ್ಯಾಹ್ನವೆಲ್ಲಾ ಅದೇ ವಿಮಾನ ಸುತ್ತಿದರೆ ಡೆಸಿಬಲ್ ಎಷ್ಟೇ ಕಡಿಮೆ ಇರಲಿ ತಲೆ ಚಿಟ್ಟು ಹಿಡಿಯೋದು ನಿಜ. ಸೀಸವಿಲ್ಲದ ಇಂಧನ, ಸುತ್ತಿನ ಸಮಯಕ್ಕೆ ಮಿತಿ, ಕಡಿಮೆ ಸದ್ದಿನ ಪ್ರೊಪೆಲರ್, ಮಫ್ಲರ್, ಇವೆಲ್ಲಾ ಮೊದಲೇ ಗಟ್ಟಿಯಾಗಿ ತಂದಿದ್ದರೆ ಶಾಲೆಗಳಾದರೂ ಉಳಿಯುವ ದಾರಿ ಇತ್ತೇನೋ. ಎಫ್‌ಎಎ ದಶಕಗಟ್ಟಲೆ ಯಾವುದಕ್ಕೂ ಜಗ್ಗದೇ, ಜೆಟ್‌ಗಳ ಹಕ್ಕನ್ನೇ ಹಿಡಿದು ಕೂತದ್ದರಿಂದ ಪಾಠ ಕಲಿಯುವ ಪುಟ್ಟ ವಿಮಾನಗಳೂ ನೆಲ ಕಳೆದುಕೊಳ್ಳುತ್ತಿವೆ. ನನ್ನ ಪ್ರಕಾರ ಈ ಪ್ರಕರಣದ ದೊಡ್ಡ ತಪ್ಪು ಅದು.

ಈಗ ಊರಿನಲ್ಲಿ ನಡೆಯುತ್ತಿರುವ ಚರ್ಚೆ ಬೇರೆಯದು. 2028 ಮುಗಿದ ಮೇಲೆ ಆ ಜಾಗದಲ್ಲಿ ಏನು ಮಾಡಬೇಕು? ದೊಡ್ಡ ಪಾರ್ಕ್ ಅಂತ ಒಂದು ಗುಂಪು. ಮನೆ ಬಾಡಿಗೆ ಕೈಗೆಟುಕದ ಊರಿನಲ್ಲಿ ಸ್ವಲ್ಪ ಜಾಗವಾದರೂ ಕಡಿಮೆ ಬಾಡಿಗೆಯ ಮನೆಗಳಿಗೆ ಇರಲಿ ಅಂತ ಇನ್ನೊಂದು ಗುಂಪು. ಎಲ್‌ಸಿ ಪ್ರಕಾರ ಮನೆ ಕಟ್ಟಬೇಕಾದರೆ ಮತ್ತೆ ಜನಮತ ಬೇಕು. ನಿಲ್ದಾಣದ ವಿರುದ್ಧ ಒಂದೇ ಸಾಲಿನಲ್ಲಿ ನಿಂತಿದ್ದವರು ಈ ಪ್ರಶ್ನೆಗೆ ಎರಡು ಸಾಲಾಗಿದ್ದಾರೆ. ಅಲ್ಲಿಯವರೆಗೆ ಮೈಕ್ರೋಫೋನ್‌ಗಳು ಅಲ್ಲೇ ಇರುತ್ತವೆ, 95ರ ಮಿತಿ ಇರುತ್ತದೆ, ರಾತ್ರಿ 11ರ ನಂತರ ಯಾರೂ ಹೊರಡುವಂತಿಲ್ಲ.